ಕೀಲಿ ಲಗಾವ್

ನನಗೆ ಸಿಟ್ಟು ಬರುವುದಿಲ್ಲ. ಈ ಮಾತನ್ನು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ ಮೃಣಾಲಿನಿ ಮೇಜಿನ ಮೇಲಿನ ಗಾಜಿನ ಲೋಟಗಳನ್ನು ಎತ್ತಿ ಒಳಗಿಡುತ್ತಾಳೆ. ಅದು ಆಕೆಯ ಅಭ್ಯಾಸ, ಅದಕ್ಕೂ ನನ್ನ ಸ್ವಭಾವಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಕಳೆದ ನಾಗರಪಂಚಮಿಯ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಕೇಳಿ. ಹುಸೇನ್ ಸಾಗರದ ನಡುವೆ ತಣ್ಣಗೆ ನಿಂತಿರುವ ಬುದ್ಧನಿಗೆ ನಮ್ಮ ಬಾಲ್ಕನಿಯ ಬಾಗಿಲು ಗಂಟುಬಿದ್ದಿದ್ದರೆ ಅವನೂ ದಡಕ್ಕೆ ಬಂದು ಸುತ್ತಿಗೆ ಕೇಳುತ್ತಿದ್ದ.

ಎಲ್ಲ ಶುರುವಾದದ್ದು ಮೇಲಿನ ಮಹಡಿಯ ನಿಶಾಂತನಿಂದ. ಅವನ ಮನೆಯವರೂ ನಮ್ಮಂತೆ ಕನ್ನಡದವರು. ಹೈದರಾಬಾದಿನಲ್ಲಿ ಈಗ ಸಾಫ್ಟ್‌ವೇರಿನ ಸುಗ್ಗಿ. ಮಾಧಾಪುರದ ಕಡೆ ನಿನ್ನೆ ಬಂಡೆಗಲ್ಲು ಇದ್ದಲ್ಲಿ ಇವತ್ತು ಗಾಜಿನ ಕಟ್ಟಡ. ಅಂಥದೊಂದರಲ್ಲಿ ಹಗಲಿಡೀ ಕೂತು ಬರುವ ಈ ಹುಡುಗನಿಗೆ ಮನೆಯಲ್ಲೂ ಗಾಜೇ ಬೇಕೆನಿಸಿತು. ಕಿಟಕಿಗೆ, ಬಾಲ್ಕನಿಯ ಬಾಗಿಲಿಗೆ ಜೋಡಿ ಗಾಜು ಹಾಕಿಸಿದ. ಎರಡು ಗಾಜು, ನಡುವೆ ಬೆರಳಗಲ ಖಾಲಿ ಜಾಗ, ಸುತ್ತ ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟು. ನೋಡಲು ನಮ್ಮನ್ನು ಕರೆದ. ಕೆಳಗೆ ರಸ್ತೆಯಲ್ಲಿ ಮದುವೆಯ ಬಾರಾತ್ ಹೊರಟಿತ್ತು. ನಿಶಾಂತ ಬಾಗಿಲು ಎಳೆದು ಹ್ಯಾಂಡಲ್ ತಿರುಗಿಸಿದ. ಬ್ಯಾಂಡಿನವನ ಕೆನ್ನೆ ಉಬ್ಬುತ್ತಿದೆ, ವರನ ಕುದುರೆ ಬೆದರುತ್ತಿದೆ, ಸೋದರಮಾವ ಕುಣಿಯುತ್ತಿದ್ದಾನೆ, ಸದ್ದು ಮಾತ್ರ ಒಂದಿಷ್ಟೂ ಇಲ್ಲ.

“ನೋಡಿದ್ರೇನ್ರಿ ಅಂಕಲ್?” ಎಂದ ನಿಶಾಂತ. ಆ ‘ಅಂಕಲ್’ ಅನ್ನುವುದರಲ್ಲಿ, ನಿಮ್ಮಂಥ ಸರ್ಕಾರಿ ನೌಕರರಿಗೆ ಇದೆಲ್ಲ ಎಲ್ಲಿಂದ ಸಾಧ್ಯ ಎಂಬ ಅರ್ಥ ಇತ್ತು. ಇರಲಿಲ್ಲ ಎಂದು ಮೃಣಾಲಿನಿ ಇಂದಿಗೂ ವಾದಿಸುತ್ತಾಳೆ. ಇತ್ತು.

ತಿಂಗಳೊಳಗೆ ನಮ್ಮ ಮನೆಗೂ ಜೋಡಿ ಗಾಜು ಬಂತು. ಕಂಪನಿಯ ಹೆಸರು ‘ಮೌನಂ ವಿಂಡೋ ಸಿಸ್ಟಮ್ಸ್’. ನಾನು ಮೆಟ್ಟಿಲ ಮೇಲೆ ನಿಶಾಂತನನ್ನು ನಿಲ್ಲಿಸಿ, “ನಿಂದಕಿಂತ ನಮ್ಮ ಗಾಜು ದಪ್ಪ ಅದಪಾ, ಪಿಟ್ ಅನ್ನೂದಿಲ್ಲ” ಎಂದು ಹೇಳಿದೆ. ಹೇಳಿದ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು.

ಎರಡು ತಿಂಗಳು. ಬರೀ ಎರಡು ತಿಂಗಳಾದ ಮೇಲೆ ಬಾಲ್ಕನಿ ಬಾಗಿಲಿನ ಹ್ಯಾಂಡಲ್ ಸತ್ತ ಹಲ್ಲಿಯ ಹಾಗೆ ಜೋತುಬಿತ್ತು. ಎತ್ತಿದರೆ ಏಳುತ್ತದೆ, ಬಿಟ್ಟರೆ ಬೀಳುತ್ತದೆ, ಕೊಂಡಿ ಮಾತ್ರ ಕೂರುವುದಿಲ್ಲ. ಗಾಳಿ ಬಂದರೆ ಬಾಗಿಲು ತಾನೇ ತೆರೆದುಕೊಂಡು ಗೋಡೆಗೆ ಬಡಿಯುತ್ತದೆ. ಅದರ ಪಕ್ಕದ ಕಿಟಕಿಯದು ಇನ್ನೊಂದು ರೋಗ. ಅದರ ಹಿಡಿ ಅರ್ಧಕ್ಕೆ ನಿಂತು, ಕಿರುಬೆರಳು ಹೋಗುವಷ್ಟು ಸಂದು ಉಳಿಯಿತು.

“ಆ ಸಂದಿನ್ಯಾಗಿಂದ ಎಲ್ಲಾ ಸಪ್ಪಳಾ ಬರತದರೀ,” ಎಂದಳು ಮೃಣಾಲಿನಿ.

“ಏನೂ ಬರೂದಿಲ್ಲ. ಅದು ನಿನ್ನ ಭ್ರಮಾ,” ಎಂದೆ. ಆಗ ಹೊರಗೆ ಆಟೋದವನೊಬ್ಬ ಹಾರ್ನ್ ಹೊಡೆಯುತ್ತಿದ್ದ, ಅದಕ್ಕೇ ಸ್ವಲ್ಪ ಜೋರಾಗಿ ಹೇಳಬೇಕಾಯಿತು.

ಕಂಪನಿಗೆ ಫೋನು ಮಾಡಿದೆ. ಇಲ್ಲಿ ಒಂದು ಮಾತು. ನಾವು ಕಲಬುರ್ಗಿ ಕಡೆಯವರು, ಮನೆಯಲ್ಲಿ ಕನ್ನಡ. ಹೊಸ್ತಿಲು ದಾಟಿದರೆ, ನಿಶಾಂತನ ಮನೆಯೊಂದು ಬಿಟ್ಟು, ತೆಲುಗು ಅಥವಾ ಉರ್ದು. ಹೊರಗಿನವರ ಜೊತೆ ಕನ್ನಡ ಮಾತಾಡುವುದೆಂದರೆ ಲುಂಗಿಯಲ್ಲಿ ಆಫೀಸಿಗೆ ಹೋದಂತೆ ಎಂದು ನನ್ನ ಅಭಿಪ್ರಾಯವಾಗಿತ್ತು. ಎರಡೂ ಭಾಷೆಯಲ್ಲಿ ನನ್ನದು ಒಳ್ಳೆಯ ಹಿಡಿತ. ಆದರೆ ತಲೆ ಬಿಸಿಯಾದಾಗ, ಸಿಟ್ಟಲ್ಲ, ತಲೆ ಬಿಸಿಯಾದಾಗ, ಮೂರೂ ಭಾಷೆ ಒಂದೇ ಬಾಯಿಗೆ ನುಗ್ಗುತ್ತವೆ. ನೀವೆಲ್ಲ ಬೀಗ ಅನ್ನುವುದಕ್ಕೆ ನಮ್ಮ ಕಡೆ ‘ಕೀಲಿ’ ಅನ್ನುತ್ತೇವೆ. ಬೀಗ ಅಂದರೆ ನಮ್ಮಲ್ಲಿ ಮಗಳ ಮಾವ. ಆತನೂ ಒಮ್ಮೆ ಹಾಕಿಕೊಂಡರೆ ಬಿಡಿಸಲಾಗದ ವಸ್ತುವೇ, ಆ ಮಾತು ಬೇರೆ.

“ಚೆಪ್ಪಂಡಿ ಸಾರ್,” ಎಂದಳು ಫೋನಿನ ಹುಡುಗಿ. ‘ಹೇಳಿ’ ಎಂದು ಅಷ್ಟು ಕೇಳುವ ಮೊದಲು ಇಪ್ಪತ್ತು ನಿಮಿಷ ನನಗೆ ವೀಣೆ ಕೇಳಿಸಿದ್ದರು.

“ಕೀಲಿ ಪಾಡೈಪೋಯಿಂದಿ ಅಮ್ಮಾ! ಕೀಲಿ!” ಕೀಲಿ ಕೆಟ್ಟಿದೆ ಎಂದೆ.

“ಕೀಲಾ ಸಾರ್? ಎನ್ನಿ ಸಾರ್?”

ಎಷ್ಟು ಎಂದು ಕೇಳುತ್ತಾಳೆ! ಕೆಟ್ಟದ್ದು ಎಷ್ಟಾದರೇನು! “ಅನ್ನೀ!” ಎಂದು ಗುಡುಗಿದೆ. ಎಲ್ಲವೂ ಎಂದು.

ನಾಲ್ಕು ದಿನಕ್ಕೆ ಒಬ್ಬ ಬಂದು ಪೆಟ್ಟಿಗೆಯೊಂದನ್ನು ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಬಿಚ್ಚಿದರೆ ಒಳಗೆ ಹನ್ನೆರಡು ಹಿಂಜು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುತ್ತದಲ್ಲ, ಆ ತಿರುಗಣಿ. ತೆಲುಗಿನಲ್ಲಿ ಅದಕ್ಕೆ ‘ಕೀಲು’ ಅನ್ನುತ್ತಾರಂತೆ.

“ತೆಲುಗಿನ್ಯಾಗ ‘ತಾಳಂ’ ಅನಬೇಕಿತ್ರಿ,” ಎಂದಳು ಮೃಣಾಲಿನಿ. “ಉರ್ದುನ್ಯಾಗ ‘ತಾಲಾ’. ಮುಂದಿನ ಸರ್ತಿ ನೆನಪಿಡ್ರಿ.”

“ನನಗ ಭಾಷಾ ಕಲಸಬ್ಯಾಡ!” ಎಂದೆ, ಶಾಂತವಾಗಿ. ಆಕೆ ಲೋಟಗಳನ್ನು ಎತ್ತಿಟ್ಟಳು.

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಹ್ಯಾಂಡಲ್ಲಿನ ಕಥೆಯಾಗುತ್ತಿತ್ತು. ಆದರೆ ಅದೇ ವಾರ ಅಕ್ಕ ಬರುತ್ತೇನೆಂದು ಹೇಳಿ ಕಳಿಸಿದಳು.

ನನ್ನ ಅಕ್ಕ ತುಳಸಾಬಾಯಿ ಇರುವುದು ಮೆಹದಿಪಟ್ಟಣಂನಲ್ಲಿ. ಅಲ್ಲಿಂದ ಹಿಮಾಯತ್‌ನಗರಕ್ಕೆ ಸಿಟಿ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಅಕ್ಕನಿಗೆ ಒಂಬತ್ತು ವರ್ಷ ಹಿಡಿಯಿತು. ಇದೇ ಫ್ಲ್ಯಾಟಿನ ಗೃಹಪ್ರವೇಶದ ದಿನ ಆಕೆ ಬಾಗಿಲಲ್ಲಿ ನಿಂತಿದ್ದಳು. ನಾನು, “ಅಕ್ಕಾ, ಬಾಗಲಾ ಬಿಟ್ಟು ಸರಿ” ಎಂದೆ. ಆಕೆ ಸರಿದಳು. ಸರಿದವಳು ಮೆಟ್ಟಿಲಿಳಿದಳು, ಆಟೋ ಹತ್ತಿದಳು, ಹೋದಳು. ನಿನ್ನ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಮರುದಿನ ಹೇಳಿ ಕಳಿಸಿದಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ನಮ್ಮದು ಇನ್ನೂ ವಿಚಿತ್ರ, ಮೂಗು ಯಾರದು ಹೋಯಿತೆಂದೇ ಒಂಬತ್ತು ವರ್ಷ ತೀರ್ಮಾನವಾಗಿರಲಿಲ್ಲ.

ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನನ್ನ ಮನೆಯೇ. ಮೃಣಾಲಿನಿ ಆಷಾಢ ಹುಟ್ಟಿದಾಗಿನಿಂದ ದಿನಾ ಫೋನು ಮಾಡಿ ಮಾಡಿ ಒಪ್ಪಿಸಿದ್ದಳು. ಬಂದು ಉಂಡರೆ ಸಿಟ್ಟು ತೀರಿತು. ಉಣ್ಣದೆ ಹೋದರೆ ಇನ್ನೆಂದೂ ಇಲ್ಲ. ಅಕ್ಕನಿಗೆ ಆಗಲೇ ಅರವತ್ತೆರಡು, ಇನ್ನೊಂದು ಒಂಬತ್ತು ವರ್ಷ ಕಾಯುವ ಧೈರ್ಯ ನನಗಿರಲಿಲ್ಲ.

ಅಂಥ ದಿನ ಬಾಗಿಲು ಗೋಡೆಗೆ ಬಡಿಯುತ್ತ ಕೂತರೆ? ಬಾಗಿಲ ಮಾತಿಗೇ ಹೋದವಳ ಮುಂದೆ? ಕಂಪನಿಗೆ ಮತ್ತೆ ಫೋನು ಹಚ್ಚಿ, ಮನುಷ್ಯನನ್ನೇ ಕಳಿಸಿ, ಪೆಟ್ಟಿಗೆ ಕಳಿಸಿದರೆ ನಿಮ್ಮ ಆಫೀಸಿನ ಮುಂದೆ ಧರಣಿ ಕೂರುತ್ತೇನೆ ಎಂದೆ. ಪಂಚಮಿಯ ಬೆಳಿಗ್ಗೆ ಎಂಟಕ್ಕೆ ಫಿಟ್ಟರ್ ಬರುತ್ತಾನೆಂದು ಹೇಳಿದರು. ನಾನು ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಿನಿಂದ ‘ತಾಲಾ, ತಾಲಾ’ ಎಂದು ಪಾಠ ಮಾಡಿಕೊಂಡೆ.

ಎಂಟಾಯಿತು. ಒಂಬತ್ತಾಯಿತು. ಒಂಬತ್ತೂವರೆಗೆ ಫಿಟ್ಟರ್ ಬರಲಿಲ್ಲ, ಅಕ್ಕ ಬಂದಳು.

ಹೊಸ್ತಿಲ ಹೊರಗೆ ಒಂದು ಕ್ಷಣ ನಿಂತು, ನನ್ನ ಮುಖ ನೋಡದೆ, ನನ್ನ ಹೆಗಲಿನ ಹಿಂದಿನ ಕ್ಯಾಲೆಂಡರಿಗೆ ಹೇಳಿದಳು: “ಮೃಣಾಲಿನಿ ಕರದ್ಳು ಅಂತ ಬಂದೀನಿ. ಬ್ಯಾರೆ ಯಾರ ಸಲುವಾಗೂ ಅಲ್ಲ.”

“ನೀರು ಕುಡೀತೀರೇನ್ರಿ ಅಕ್ಕಾರ?” ಎಂದಳು ಮೃಣಾಲಿನಿ.

“ಕುಡದ ಬಂದೀನಿ. ನೈವೇದ್ಯ ಆಗಲಿ. ಮನಸು ಬಂದ್ರ ಉಣತೀನಿ. ಇಲ್ಲಂದ್ರ ನಿಮ್ಮ ಅನ್ನಾ ನಿಮಗ.”

ಅಕ್ಕ ಸ್ನಾನ ಮಾಡಿ, ಮಡಿಯುಟ್ಟು, ಇನ್ನೊಂದು ಒದ್ದೆ ಸೀರೆಯನ್ನು ಕೋಲಿನ ತುದಿಯಲ್ಲಿ ಹಿಡಿದು ಒಣಹಾಕಲು ಬಾಲ್ಕನಿಗೆ ಹೋದಳು. ನಮ್ಮ ಬಾಲ್ಕನಿ ಮೂಲೆಯಲ್ಲಿ ತಿರುಗಿ ಒಳಸರಿಯುತ್ತದೆ. ಅಲ್ಲಿ ಯಾರೂ ಮುಟ್ಟುವ ಭಯವಿಲ್ಲ, ಜಪಕ್ಕೂ ಅಲ್ಲೇ ಕೂರುತ್ತೇನೆ ಎಂದು ಮೃಣಾಲಿನಿಗೆ ಹೇಳಿದಳಂತೆ. ನನಗೆ ಯಾರೂ ಹೇಳಲಿಲ್ಲ. ನನ್ನ ಮನೆಯಲ್ಲಿ ನನಗೆ ಯಾರೂ ಏನೂ ಹೇಳುವುದಿಲ್ಲ. ಆಕೆ ದೇವರ ಮನೆಯಲ್ಲಿದ್ದಾಳೆಂದೇ ನಾನು ತಿಳಿದೆ.

ಫಿಟ್ಟರ್ ಬಂದದ್ದು ಹನ್ನೊಂದಕ್ಕೆ. ಮೂವತ್ತೈದರ ಮೇಲಿನ ಗಟ್ಟಿ ಆಳು, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಮೂರು ಗಂಟೆ ತಡವಾಗಿ ಬಂದವನು ನಕ್ಕ. ಆ ನಗು ನೋಡಿದ್ದೇ ತಡ, ಬೆಳಗಿನಿಂದ ಪಾಠ ಮಾಡಿದ ‘ತಾಲಾ’ ನನ್ನ ತಲೆಯಿಂದ ಹಾರಿಹೋಯಿತು.

“ಏ ಭಾಯ್! ಯೇ ಕ್ಯಾ ಟೈಮ್ ಹೈ? ದೇಖ್, ಯೇ ದರ್ವಾಜೇ ಕೋ ಕೀಲಿ ಲಗಾವ್! ಪಕ್ಕಾ ಕೀಲಿ! ಹವಾ ಆನೇ ದೇ, ಬಾರಿಶ್ ಆನೇ ದೇ, ಖುಲ್ನಾ ನಹೀಂ!” ಗಾಳಿ ಬರಲಿ, ಮಳೆ ಬರಲಿ, ತೆರೆಯಬಾರದು ಎಂದೆ.

ಆತನ ನಗು ನಿಂತಿತು. “ಕೀಲ್, ಸಾಬ್?”

“ಹಾಂ! ಕೀಲಿ!”

“ಡಬಲ್ ಗ್ಲಾಸ್ ಕಾ ದರ್ವಾಜಾ ಹೈ ಸಾಬ್. ಅಚ್ಛಾ ನೈ ದಿಖ್ತಾ.”

ಕೀಲಿ ಹಾಕಿದರೆ ಚಂದ ಕಾಣುವುದಿಲ್ಲವಂತೆ! ಬಾಗಿಲಿಗೆ ಕೀಲಿ ಬೇಡವೆನ್ನುವ ಬಾಗಿಲ ಕಂಪನಿಯವನನ್ನು ನಾನು ಮೊದಲ ಸಲ ನೋಡಿದ್ದು. “ತೇರೇ ಕೋ ಕ್ಯಾ? ಲಗಾವ್ ಬೋಲಾ ತೋ ಲಗಾವ್!” ನಿನಗೇನು, ಹಾಕು ಎಂದರೆ ಹಾಕು ಎಂದೆ.

“ಕಿತ್ನೇ, ಸಾಬ್?”

ಮತ್ತೆ ಅದೇ ಪ್ರಶ್ನೆ. ಎಷ್ಟು! ಆ ಹುಡುಗಿಯೂ ಎಷ್ಟು ಎಂದಿದ್ದಳು. ಬುದ್ಧಿವಂತನಾಗಿದ್ದರೆ ನಾನು ಅಲ್ಲೇ ತಡೆದು ಯೋಚಿಸುತ್ತಿದ್ದೆ. “ಜಿತ್ನೇ ಲಗ್ತೇ ಉತ್ನೇ!” ಎಷ್ಟು ಹಿಡಿಯುತ್ತವೋ ಅಷ್ಟು ಎಂದು ಅರಚಿ, ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದೆ. ಆತ ನನ್ನನ್ನು ಒಂದು ಸಲ, ಬಾಗಿಲನ್ನು ಒಂದು ಸಲ ನೋಡಿ, ಪೆಟ್ಟಿಗೆ ತೆರೆದ.

ಬಚ್ಚಲಿನೊಳಗಿಂದ ನನಗೆ ಡ್ರಿಲ್ಲಿನ ಸದ್ದು ಕೇಳಿಸಿತು. ಆಮೇಲೆ ಸುತ್ತಿಗೆಯ ಸದ್ದು, ಧಡ್ ಧಡ್ ಧಡ್. ಇಂಥವರಿಗೆ ಜೋರು ಮಾಡಿದರೇನೇ ಕೆಲಸ ಆಗುವುದು ಎಂದು ಮೈಗೆ ಸೋಪು ಹಚ್ಚಿಕೊಂಡೆ. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು, ಮೃಣಾಲಿನಿ ಕಡುಬಿನ ಪಾತ್ರೆಯ ಮುಂದೆ ಕೂತಿದ್ದಳು. ನಾನು ನೈವೇದ್ಯ ಮುಗಿಸಿ ಹೊರಬರುವಷ್ಟರಲ್ಲಿ ಫಿಟ್ಟರ್ ಇರಲಿಲ್ಲ. ಪೆಟ್ಟಿಗೆ ಮಾತ್ರ ಅಲ್ಲೇ ಇತ್ತು. ಮೂಲೆಯ ಇರಾನಿ ಹೋಟೆಲ್ಲಿಗೆ ಚಹಾಕ್ಕೆ ಹೋಗಿದ್ದನಂತೆ.

ಬಾಳೆ ಎಲೆ ಹಾಕಿಯಾಗಿತ್ತು. ಕಡುಬು, ಕೋಸಂಬರಿ, ಎಳ್ಳುಂಡಿ, ಶೇಂಗಾ ಉಂಡಿ. ಅಕ್ಕನ ಮಣೆ ನಡುವಿಗೆ ಇಟ್ಟಿದ್ದೆವು.

“ಅಕ್ಕ ಎಲ್ಲಿ?” ಎಂದೆ.

“ಬಾಲ್ಕನ್ಯಾಗ ಇದ್ದಾರ್ರೀ. ಕರೀರಿ,” ಎಂದಳು ಮೃಣಾಲಿನಿ.

ನಾನು ಬಾಗಿಲ ಹತ್ತಿರ ಹೋಗಿ ಹ್ಯಾಂಡಲ್ ಎತ್ತಿದೆ. ಅದು ಮೊದಲಿನಂತೆಯೇ ಜೋತುಬಿತ್ತು. ಬಾಗಿಲು ಮಾತ್ರ ಅಲುಗಲಿಲ್ಲ. ತಳ್ಳಿದೆ, ಎಳೆದೆ. ಬಗ್ಗಿ ನೋಡಿದೆ. ಆ ಚಂದದ ಬಿಳಿ ಚೌಕಟ್ಟಿನ ತುಂಬ, ಮೇಲೆ ಎರಡು, ಕೆಳಗೆ ಎರಡು, ಮೂರಿಂಚಿನ ಕಬ್ಬಿಣದ ಮೊಳೆಗಳು. ತಲೆಯವರೆಗೂ ಹೊಡೆದು ಕೂರಿಸಿದ್ದ.

ಗಾಜಿನ ಆಚೆ ಅಕ್ಕ ಬಂದು ನಿಂತಿದ್ದಳು. ಮಡಿಸೀರೆಯಲ್ಲಿ, ಬರಿಗಾಲಲ್ಲಿ, ನೇರ ನನ್ನ ಮುಖವನ್ನೇ ನೋಡುತ್ತಿದ್ದಳು. ತುಟಿ ಪಟಪಟ ಆಡುತ್ತಿದ್ದವು. ಒಂದು ಸದ್ದೂ ಇಲ್ಲ. ಬಾರಾತಿನ ಬ್ಯಾಂಡಿನವನ ಹಾಗೆಯೇ.

ಬೈಯುತ್ತಿದ್ದಾಳೆ ಎಂದು ನನಗೆ ತಕ್ಷಣ ತಿಳಿಯಿತು. ಮನೆಗೆ ಕರೆದು, ಬಾಗಿಲಿಗೆ ಮೊಳೆ ಹೊಡೆದು, ಒಳಗೆ ಎಲೆ ಹಾಕಿಕೊಂಡು ಕೂತ ತಮ್ಮನನ್ನು ಯಾವ ಅಕ್ಕ ಬೈಯುವುದಿಲ್ಲ? ನಾನು ಎರಡೂ ಕೈಯಾಡಿಸಿ, ನನ್ನ ತಪ್ಪಲ್ಲ ಎಂದು ಸನ್ನೆ ಮಾಡಿದೆ. ಆಕೆ ಅಂಗೈ ಎತ್ತಿ ನನ್ನ ಕಡೆ ಬೀಸಿದಳು. ತುಟಿಗಳು ಇನ್ನೂ ಜೋರಾಗಿ ಆಡಿದವು.

“ರೀ, ಅಕ್ಕಾರು…” ಎಂದಳು ಮೃಣಾಲಿನಿ ಹಿಂದಿನಿಂದ.

“ನೀ ಸುಮ್ಮನಿರು!”

“ಅಲ್ರೀ, ಅವರು…”

“ಸುಮ್ಮನಿರು ಅಂದೆ!”

ಅಲ್ಲಿಗೆ ಮುಗಿಯಿತು ನೋಡಿ. ಹ್ಯಾಂಡಲ್ಲಿನ ಸಿಟ್ಟು, ಹನ್ನೆರಡು ಹಿಂಜಿನ ಸಿಟ್ಟು, ವೀಣೆಯ ಸಿಟ್ಟು, ಅದರ ಕೆಳಗೆ ಒಂಬತ್ತು ವರ್ಷದಿಂದ ಕೂತಿದ್ದ ಇನ್ನೊಂದು ಸಿಟ್ಟು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಹೌದು, ಸಿಟ್ಟು. ಹೇಗೂ ಒಂದಕ್ಷರ ಆಚೆ ಹೋಗುವುದಿಲ್ಲ, ಒಂದಕ್ಷರ ಈಚೆ ಬರುವುದಿಲ್ಲ. ಇಂಥ ಅವಕಾಶ ಯಾವ ತಮ್ಮನಿಗೆ ಸಿಕ್ಕೀತು?

“ಬೈ! ಇನ್ನೂ ಬೈ!” ಎಂದೆ, ಗಾಜಿಗೆ ಮೂಗು ಹಚ್ಚಿ. “ಒಂಬತ್ತು ವರ್ಷ ಮೆಹದಿಪಟ್ಟಣಂದಾಗ ಕೂತು ಬೈದಿ, ಈಗ ನನ್ನ ಬಾಲ್ಕನ್ಯಾಗ ನಿಂತು ಬೈ! ಏನಂದಿದ್ದೆ ನಾ? ಬಾಗಲಾ ಬಿಟ್ಟು ಸರಿ ಅಂದೆ. ಇಷ್ಟ! ಹೊಡದ್ನೇನು? ಬಡದ್ನೇನು? ನನ್ನ ಮಗಳ ಮದವಿಗೆ ಬಂದಿ, ಅಕ್ಷತಿ ಹಾಕಿದಿ, ಉಣಲಾರದ ಹೋದಿ. ನಾಲ್ಕುನೂರು ಮಂದಿ ಉಂಡ್ರು, ನನಗೊಬ್ಬಗ ತುತ್ತು ಇಳೀಲಿಲ್ಲ! ನನಗ ಕಾಮಣಿ ಆಗಿ ಮೈಯೆಲ್ಲಾ ಹಳದಿ ಆದಾಗ ಯಾರೋ ಔಷಧಾ ಕೊಟ್ಟು ಹೋದ್ರು ಅಂತ ವಾಚ್‌ಮನ್ ಹೇಳಿದಾ. ಯಾರೋ! ಆ ಔಷಧದ ಗಂಟು ಕಟ್ಟಿದ ಕೈ ನನಗ ಗುರುತು ಸಿಗೂದಿಲ್ಲೇನು? ನನ್ನ ಪಾಟೀಚೀಲದ ದಾರಾ ಕಟ್ಟಿದ ಕೈ ಅದು! ಔಷಧಾ ಕಳಸ್ತಿ, ನೀ ಬರೂದಿಲ್ಲ! ಎಂಥಾ ಹಟಮಾರಿ ಹೆಣ್ಮಗಳು!”

ಅಕ್ಕನ ತುಟಿ ಆಡುತ್ತಲೇ ಇದ್ದವು. ಕಣ್ಣು ಮಾತ್ರ ನನ್ನ ಮೇಲಿಂದ ಸರಿಯಲಿಲ್ಲ.

“ಖರೇ ಹೇಳಲೇನು? ನಿನಗ ಕೇಳಸೂದಿಲ್ಲ, ಅದಕ್ಕ ಹೇಳ್ತೀನಿ. ಅವತ್ತ ನಮ್ಮ ದೊಡ್ಡ ಸಾಹೇಬ್ರು ಬರೂದಿತ್ತು. ನೀ ಒದ್ದೀ ಸೀರ್ಯಾಗ, ಬರಿಗಾಲಾಗ, ಬಾಗಲದಾಗ ನಿಂತು, ಬಂದವರಿಗೆಲ್ಲಾ ‘ಬರ್ರಿ, ನಮ್ಮ ಪಲ್ಲ್ಯಾನ ಮನಿ, ಬರ್ರಿ’ ಅಂತ ನನ್ನ ಸಣ್ಣಂದಿನ ಹೆಸರು ಹಿಡದು ಕೂಗಿ ಒಳಗ ಕರೀಲಿಕತ್ತಿದ್ದಿ. ನನಗ ನಾಚಿಕಿ ಬಂತು. ನಿನ್ನ ನೋಡಿ ನನಗ ನಾಚಿಕಿ ಬಂತು, ಅಕ್ಕಾ! ಅದಕ್ಕ ಸರಿ ಅಂದೆ. ಆ ಸಾಹೇಬನ ಹೆಸರೂ ಈಗ ನನಗ ನೆನಪಿಲ್ಲ!”

ನನಗೆ ದಮ್ಮು ಹತ್ತಿತು. ಗಾಜಿನ ಮೇಲೆ ನನ್ನ ಉಸಿರು ಮಂಜುಗಟ್ಟಿತ್ತು. ಪಂಚೆಯ ತುದಿಯಿಂದ ಒರೆಸಿದೆ.

ಆಚೆ ಅಕ್ಕನ ತುಟಿ ನಿಂತಿತ್ತು. ಆಕೆ ಸೆರಗಿನೊಳಗಿಂದ ಕೈ ಹೊರತೆಗೆದಳು. ಕೈಯಲ್ಲಿ ಜಪಮಾಲೆ ಇತ್ತು. ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿ, ಮಾಮೂಲಿ ದನಿಯಲ್ಲಿ ಹೇಳಿದಳು:

“ನಂದು ಜಪಾ ಮುಗೀತು. ನಿಂದು ಮುಗೀತೇನೋ ಪಲ್ಲ್ಯಾ?”

ಪ್ರತಿ ಅಕ್ಷರವೂ ಕೇಳಿಸಿತು. ಪಕ್ಕದ ಕಿಟಕಿಯ ಆ ಕಿರುಬೆರಳಿನ ಸಂದಿನಿಂದ, ಕೆಳಗಿನ ಆಟೋದ ಹಾರ್ನಿನ ಜೊತೆಗೆ, ಬಾಳೆಹಣ್ಣಿನ ಗಾಡಿಯವನ ಕೂಗಿನ ಜೊತೆಗೆ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ.

“ಅವರು ಜಪದಾಗ ಇದ್ದಾರ ಅಂತ ಮೂರು ಸರ್ತಿ ಹೇಳಲಿಕ್ಕೆ ಬಂದೆ,” ಎಂದಳು ಮೃಣಾಲಿನಿ. ಎರಡೇ ಸರ್ತಿ ಬಂದದ್ದು. ಆದರೆ ಅದನ್ನು ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ.

“ವೆಂಕಟರಾವ್,” ಎಂದಳು ಅಕ್ಕ.

“ಯಾರು?” ಎಂದೆ.

“ಆ ಸಾಹೇಬನ ಹೆಸರು. ನನಗ ನೆನಪದ.”

ಆಗ ಮೇಲಿನ ಬಾಲ್ಕನಿಯಿಂದ ನಿಶಾಂತನ ತಲೆ ಕೆಳಗೆ ಇಣುಕಿತು. “ಅಂಕಲ್, ನಿಮ್ಮ ಗಾಜು ಪಿಟ್ ಅನ್ನೂದಿಲ್ಲ ಅಂದಿದ್ರಿ? ನಮ್ಮ ಮನೀತನಕಾ ಕೇಳಸ್ತರೀ. ಮಮ್ಮಿ ಅಳಲಿಕತ್ತಾರ.” ಎದುರು ಕಟ್ಟಡದ ಕಿಟಕಿಗಳಲ್ಲಿ ನಾಲ್ಕೈದು ಮುಖ ಕಾಣಿಸಿದವು. ಕೆಳಗೆ ವಾಚ್‌ಮನ್ ಕುರ್ಚಿಯನ್ನು ನಮ್ಮ ಬಾಲ್ಕನಿಯ ಕಡೆಗೇ ತಿರುಗಿಸಿಕೊಂಡು ಕೂತಿದ್ದ.

ಈ ಹೊತ್ತಿನಲ್ಲಿ ಫಿಟ್ಟರ್ ಮಹಾಶಯ ಚಹಾ ಮುಗಿಸಿ ಬಂದ. ಇಡೀ ಭೂಮಂಡಲದಲ್ಲಿ ನನಗೆ ಬೇಕಾದ ಮನುಷ್ಯ ಆತನೇ.

“ಏ! ಕ್ಯಾ ಕಿಯಾ ತೂ? ಮೇರೀ ಬಹನ್ ಕೋ ಬಾಹರ್ ಬಂದ್ ಕರ್ ದಿಯಾ?”

“ಆಪೀಚ್ ಬೋಲೇ ನಾ ಸಾಬ್! ಕೀಲ್ ಲಗಾವ್ ಬೋಲೇ, ಪಕ್ಕಾ ಲಗಾವ್ ಬೋಲೇ, ಜಿತ್ನೇ ಲಗ್ತೇ ಉತ್ನೇ ಬೋಲೇ!” ಎಲ್ಲ ನೀವೇ ಹೇಳಿದ್ದು ಎನ್ನುವ ಆತನಿಗೂ ಸಿಟ್ಟು ಬಂದಿತ್ತು. ನಾನು ಇನ್ನೊಂದು ಸುತ್ತು ಶುರುಮಾಡಿದಾಗ ಆತ ಗೋಡೆಯ ಕಡೆ ತಿರುಗಿ ಗೊಣಗಿದ: “ಯಾವ ಸುಡಗಾಡ ಮಾರಿ ನೋಡಿ ಎದ್ದಿದ್ನೋ ಏನೋ. ಈ ಮುದುಕಗ ತೆಲಿ ನೆಟ್ಟಗ ಐತೋ ಇಲ್ಲೋ.”

ಆತ ಗೊಣಗಿದ್ದು ಅಪ್ಪಟ ಕನ್ನಡದಲ್ಲಿ.

“ಏನಂದಿ?” ಎಂದೆ ನಾನು.

ಆತ ಬಾಯಿ ಬಿಟ್ಟುಕೊಂಡು ತಿರುಗಿದ. “ಸಾಹೇಬ್ರ… ನೀವು ಕನ್ನಡದವ್ರೇನ್ರಿ?”

“ಯಾವ ಊರಪಾ ನಿಂದು?” ಎಂದಳು ಅಕ್ಕ ಸಂದಿನಿಂದ.

“ಸುರಪುರ ಕಡೆಯಾಂವ ರೀ ಅವ್ವಾರ. ಸಾಬಣ್ಣ ಅಂತಾರ್ರಿ. ಏಳು ವರ್ಸ ಆತು ಈ ಊರಾಗ ದುಡ್ಯಾಕತ್ತು.” ಆಮೇಲೆ ನನ್ನ ಕಡೆ ತಿರುಗಿ, ಅಳುವ ದನಿಯಲ್ಲಿ, “ಮದ್ಲ ಕನ್ನಡದಾಗ ಹೇಳಬಾರದೇನ್ರಿ ಸಾಹೇಬ್ರ! ನಮ್ಮ ಮನ್ಯಾಗೂ ಕೀಲಿ ಅಂದ್ರ ಕೀಲೀನ. ನೀವು ಹಿಂದ್ಯಾಗ ಅಂದ್ರಿ, ನಾ ಹಿಂದ್ಯಾಗ ತಿಳ್ಕೊಂಡ್ನಿ. ಹಿಂದ್ಯಾಗ ಕೀಲ್ ಅಂದ್ರ ಮೊಳಿ ಅಲ್ಲೇನ್ರಿ? ದೊಡ್ಡ ಮಂದಿ, ಏನೋ ವಾಸ್ತು ಇರಬೇಕು, ಬಾಗಲಾ ಮುಚ್ಚಸಾಕತ್ತಾರ ಅಂತ ತಿಳದು ಜಡದ್ನಿ.”

ಕಲಬುರ್ಗಿಯವನೂ ಸುರಪುರದವನೂ ಹೈದರಾಬಾದಿನಲ್ಲಿ ಎದುರುಬದುರು ನಿಂತು, ಇಬ್ಬರಿಗೂ ಬಾರದ ಭಾಷೆಯಲ್ಲಿ ಕೂಗಾಡಿ, ಒಬ್ಬ ಮುದುಕಿಯನ್ನು ಹೊರಗಿಟ್ಟು ಮೊಳೆ ಹೊಡೆದಿದ್ದೆವು. ನನ್ನ ಭಾಷಾಜ್ಞಾನದ ಬಗ್ಗೆ ಮೃಣಾಲಿನಿ ಆಗ ಒಂದು ಮಾತೂ ಆಡಲಿಲ್ಲ. ಆಕೆ ಆಡದ ಮಾತು ನನಗೆ ಇನ್ನೂ ಕೇಳಿಸುತ್ತಿದೆ.

“ಪಂಚಮಿ ದಿನಾ ಮನ್ಯಾಗ ಕೊಯ್ಯೂದಿಲ್ಲ, ಹೆಚ್ಚೂದಿಲ್ಲ. ನೀವು ನೋಡಿದ್ರ ಮೊಳೀ ಬಡದೀರಿ,” ಎಂದಳು ಅಕ್ಕ. “ಬಿಚ್ಚಪಾ ಸಾಬಣ್ಣ, ಕಾಲು ನೋಯಲಿಕತ್ತಾವ.”

ಸಾಬಣ್ಣ ಇಕ್ಕಳ ಹಾಕಿ ನಾಲ್ಕು ಮೊಳೆ ಕಿತ್ತ. ಬಾಗಿಲು ತೆರೆದುಕೊಂಡಿತು. ಪೆಟ್ಟಿಗೆಯಿಂದ ಹೊಸದೊಂದು ತುಣುಕು ತೆಗೆದು, “ಒಳಗಿನ ಹಲ್ಲು ಸವದಾವ್ರಿ, ಅದಕ್ಕ ಹ್ಯಾಂಡಲ್ ಜೋತಬಿದ್ದೈತಿ” ಎಂದು ಹತ್ತು ನಿಮಿಷದಲ್ಲಿ ಬದಲಿಸಿದ. ಎರಡು ಭಾಷೆಯಲ್ಲಿ ಎರಡು ವಾರ ಆಗದ ಕೆಲಸ ನಮ್ಮ ಭಾಷೆಯಲ್ಲಿ ಹತ್ತೇ ನಿಮಿಷಕ್ಕೆ ಆಯಿತು. ಆಮೇಲೆ ಕಿಟಕಿಯ ಹಿಡಿಗೆ ಕೈ ಹಾಕಿದ.

“ಅದನ್ನ ಮುಟ್ಟಬ್ಯಾಡ,” ಎಂದಳು ಅಕ್ಕ ಹೊರಗಿನಿಂದಲೇ. “ಆ ಸಂದು ಹಂಗ ಇರಲಿ. ಬಾಗಲಾ ತಗದಿದ್ದಾಗ ಒಂಬತ್ತು ವರ್ಷ ಒಂದು ಮಾತು ಆಡಲಿಲ್ಲ ಈ ಮನಷ್ಯಾ. ಮೊಳೀ ಬಡದ ಮ್ಯಾಲೆ ಆಡ್ಯಾನ.”

ಹೇಳಿ, ಒಂದು ಹೆಜ್ಜೆ ಮುಂದೆ ಬಂದು ಬಾಗಿಲಲ್ಲಿ ನಿಂತಳು. ಸರಿಯಾಗಿ ಹೊಸ್ತಿಲ ಪಟ್ಟಿಯ ಮೇಲೆ. ಮಡಿಸೀರೆ, ಬರಿಗಾಲು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮೊದಲ ಸಲ ಕ್ಯಾಲೆಂಡರನ್ನು ಬಿಟ್ಟು ನನಗೇ ಕೇಳಿದಳು.

“ಈಗೇನು ಮಾಡ್ಲಿ? ನಿಂದ್ರಲೋ, ಸರೀಲೋ?”

ನನಗೆ ಮೂರು ಭಾಷೆ ಬರುತ್ತವೆ. ಒಂದರಲ್ಲೂ ಒಂದು ಶಬ್ದ ಬರಲಿಲ್ಲ. ನಾನು ಹಾಗೇ ನಿಂತೆ, ಅಕ್ಕ ಹಾಗೇ ನಿಂತಳು, ಎಲೆಯ ಮೇಲೆ ಕಡುಬು ಆರುತ್ತಿತ್ತು.

ಆಗ ಸಾಬಣ್ಣ, ಕೆಲಸ ಮುಗಿಸಿ ಹೊರಡುವ ಅವಸರದಲ್ಲಿ, ಕೈಯೊರೆಸಿಕೊಳ್ಳುತ್ತ ಬಂದು ಬಲು ಮರ್ಯಾದೆಯಿಂದ ಹೇಳಿದ: “ಅವ್ವಾರ, ಜರಾ ಬಾಗಲಾ ಬಿಟ್ಟು ಸರೀರಿ. ಕೀಲಿ ಹಾಕಿ ನೋಡಬೇಕು.”

“ಏಯ್!” ಎಂದು ನಾನು ಕೂಗಿದ ಕೂಗಿಗೆ ಎದುರು ಕಟ್ಟಡದವರು ಮತ್ತೆ ಕಿಟಕಿಗೆ ಬಂದರು. “ಆಕಿಗೆ ಸರಿ ಅನ್ನಾಂವ ಯಾಂವಲೇ ನೀ? ಆಕಿ ನನ್ನ ಅಕ್ಕ! ಆಕಿ ನಿಂತಲ್ಲೇ ನಿಂದರತಾಳ! ಬೇಕಾದ್ರ ಬಾಗಲಾ ಕಿತ್ತು ಆಚೀಕಡೆ ಸರಿಸು!”

ಸಾಬಣ್ಣ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಅಕ್ಕ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಮೃಣಾಲಿನಿ,” ಎಂದಳು, “ನನ್ನ ಎಲೀ ಇಲ್ಲೇ ತಾ. ಈ ಸಾಬಣ್ಣಗೂ ಒಂದು ಎಲೀ ಹಾಕು.”

ಬಾಗಿಲಲ್ಲೇ ಮಣೆ ಹಾಕಿಸಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ಕೂತು ಅಕ್ಕ ಉಂಡಳು. ಹಿಮಾಯತ್‌ನಗರದ ಅಷ್ಟೂ ಗದ್ದಲ ಆಕೆಯ ಹೆಗಲ ಮೇಲಿಂದ ಮನೆಯೊಳಗೆ ಬರುತ್ತಿತ್ತು. ಯಾರೂ ಬಾಗಿಲು ಹಾಕಿ ಎನ್ನಲಿಲ್ಲ. ಆಕೆ ಮೂರನೆಯ ಕಡುಬು ಕೇಳಿದಾಗ, ಮೃಣಾಲಿನಿ ಒಳಗೆ ಹೋಗಿ ಎತ್ತಿಟ್ಟಿದ್ದ ಗಾಜಿನ ಲೋಟಗಳನ್ನು ತಂದು ಒಂದೊಂದಾಗಿ ಮೇಜಿನ ಮೇಲಿಟ್ಟಳು.